ರವಿಕಾಕಾ ಬರೆದ ಕಾಗದಗಳು

1894ರ ಮಾರ್ಚ್. ಉತ್ತರ ಬಂಗಾಳದ ಪತಿಸರದಲ್ಲಿ, ಸಣ್ಣ ನದಿಯೊಂದರಲ್ಲಿ ಒಂದು ದೋಣಿಮನೆ ನಿಂತಿದೆ. ಅದರ ಕಿಟಕಿಯಲ್ಲಿ ಕೂತ ಜಮೀನ್ದಾರರಿಗೆ ಮೂವತ್ತೆರಡು ವರ್ಷ. ಅವರು ನೋಡುತ್ತಿದ್ದ ಹಾಗೆಯೇ ಯಾವುದೋ ವಿಚಿತ್ರ ಹಕ್ಕಿ ನೀರು ಬಡಿಯುತ್ತ ಆಚೆ ದಡದ ಕಡೆ ಹೊರಟಿತು. ಅದರ ಬೆನ್ನಿಗೇ ಜನರ ಕೂಗಾಟ. ಸರಿಯಾಗಿ ನೋಡಿದರೆ ಅದು ನೀರುಹಕ್ಕಿಯಲ್ಲ, ಮನೆಕೋಳಿ. ಊಟಕ್ಕೆಂದು ಅಡುಗೆ ದೋಣಿಯಲ್ಲಿ ಇಟ್ಟಿದ್ದ ಕೋಳಿ ಹೇಗೋ ತಪ್ಪಿಸಿಕೊಂಡು ನೀರಿಗೆ ಹಾರಿತ್ತು. ಇನ್ನೇನು ದಡ ಸಿಕ್ಕಿತು ಅನ್ನುವಾಗ ಅಟ್ಟಿಸಿಕೊಂಡು ಹೋದವರ ಕೈ ಅದರ ಕುತ್ತಿಗೆಗೆ ಬಿತ್ತು. ಜಮೀನ್ದಾರರು ಅಡುಗೆಯವನನ್ನು ಕರೆದು, ಇವತ್ತು ನನಗೆ ಮಾಂಸ ಬೇಡ ಅಂದರು. ಆಮೇಲೆ ಅಣ್ಣನ ಮಗಳಿಗೆ ಕಾಗದ ಬರೆಯಲು ಕೂತರು. ನಾವು ಯೋಚನೆ ಮಾಡದೆ ಇರುವುದರಿಂದಲೇ ಮಾಂಸ ನಮ್ಮ ಗಂಟಲಲ್ಲಿ ಇಳಿಯುತ್ತದೆ, ಇನ್ನು ಮೇಲೆ ಸಸ್ಯಾಹಾರವನ್ನು ಹಿಡಿದು ನೋಡುತ್ತೇನೆ ಅನ್ನುವುದು ಆ ಕಾಗದದ ಸಾರ.

ಆ ಜಮೀನ್ದಾರರು ರವೀಂದ್ರನಾಥ ಠಾಕೂರರು. ಕಾಗದ ಹೋದದ್ದು ಅವರ ಎರಡನೆಯ ಅಣ್ಣ ಸತ್ಯೇಂದ್ರನಾಥರ ಮಗಳು ಇಂದಿರಾಗೆ. 1887ರಿಂದ 1895ರವರೆಗೆ ಈ ಒಬ್ಬಳಿಗೇ ಅವರು ಬರೆದ ಕಾಗದಗಳಲ್ಲಿ 252 ನಮಗೆ ದಕ್ಕಿವೆ. ಬಂಗಾಳಿ ಗದ್ಯದಲ್ಲಿ ಪ್ರಕೃತಿಯನ್ನು ಇಷ್ಟು ಹತ್ತಿರದಿಂದ, ಇಷ್ಟು ತೀವ್ರವಾಗಿ ಕಂಡ ಬರಹ ಇನ್ನೊಂದಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಅದನ್ನು ಒಪ್ಪಿಕೊಂಡೇ ನಾನು ಕೋಳಿಯಿಂದ ಶುರುಮಾಡಿದೆ. ಏಕೆಂದರೆ ರವೀಂದ್ರರ ಪ್ರಕೃತಿಭಕ್ತಿ ಅಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಉದ್ದ ನಿಲುವಂಗಿಯ ಋಷಿ, ಅರೆಮುಚ್ಚಿದ ಕಣ್ಣು, ಹಿಂದೆ ಹುಣ್ಣಿಮೆ. ಈ ಕಾಗದಗಳಲ್ಲಿ ಹುಣ್ಣಿಮೆಯೇನೋ ಧಾರಾಳವಾಗಿದೆ. ಋಷಿ ಮಾತ್ರ ಇಲ್ಲ. ಇರುವವನು ಲೆಕ್ಕಪತ್ರ ನೋಡಿ ತಲೆಚಿಟ್ಟು ಹಿಡಿದ, ಮಳೆಗೆ ತೊಯ್ದ, ತನ್ನನ್ನೇ ಗೇಲಿ ಮಾಡಿಕೊಳ್ಳುವ ಒಬ್ಬ ಸಂಸಾರಸ್ಥ. ಆತನ ಭಕ್ತಿ ಹುಟ್ಟುವುದು ಅಡುಗೆದೋಣಿಯ ಪಕ್ಕದಲ್ಲಿ, ಕಚೇರಿಯ ಕಿಟಕಿಯಲ್ಲಿ. ಅದನ್ನು ಅಲ್ಲಿಂದ ಎತ್ತಿ, ತೊಳೆದು, ಬೇರೆ ಇಟ್ಟವರು ಆಮೇಲೆ ಸ್ವತಃ ರವೀಂದ್ರರೇ. ಆ ಕಥೆ ಮುಂದೆ ಬರುತ್ತದೆ.

ಬಿಜಾಪುರ ಸೀಮೆಯ ಮಗು, ಕಾರವಾರದ ಕಡಲು

ಇಂದಿರಾ ಹುಟ್ಟಿದ್ದು 1873ರ ಡಿಸೆಂಬರ್ 29ರಂದು, ನಮ್ಮ ಬಿಜಾಪುರ ಸೀಮೆಯಲ್ಲಿ. ಅಪ್ಪ ಸತ್ಯೇಂದ್ರನಾಥರು ಐ.ಸಿ.ಎಸ್. ಪಾಸಾದ ಮೊದಲ ಭಾರತೀಯ. ಬಂಗಾಳದವರಾದರೂ ಅವರ ನೌಕರಿಯೆಲ್ಲ ಮುಂಬಯಿ ಪ್ರಾಂತದಲ್ಲಿ ನಡೆಯಿತು. ಹೀಗಾಗಿ ಮನೆಯವರು ಅಹಮದಾಬಾದು, ಸೊಲ್ಲಾಪುರ, ಬಿಜಾಪುರ, ಕಾರವಾರ ಎಂದು ವರ್ಗದ ಮೇಲೆ ವರ್ಗವಾಗಿ ಸುತ್ತಿದರು. ಹದಿನೇಳರ ರವಿ 1878ರಲ್ಲಿ ಓದಲೆಂದು ಇಂಗ್ಲೆಂಡಿಗೆ ಹೋದಾಗ ಅತ್ತಿಗೆ ಜ್ಞಾನದಾನಂದಿನಿ ಮಕ್ಕಳನ್ನು ಕಟ್ಟಿಕೊಂಡು ಬ್ರೈಟನ್ನಿನಲ್ಲಿದ್ದರು. ಸುರೇಂದ್ರ ಮತ್ತು ಇಂದಿರಾ ಎಂಬ ಆ ಎರಡು ಪುಟ್ಟ ಮಕ್ಕಳಿಗೆ ಅವರು ಆಟದ ಗೆಳೆಯ. ಮನೆಯಲ್ಲಿ ಎಲ್ಲರಿಗೂ ಆಕೆ ಬೀಬಿ. ಆಕೆಗೆ ಅವರು ರವಿಕಾಕಾ.

ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ರವೀಂದ್ರರು ಅಲ್ಲಿಗೆ ಬಂದು ಉಳಿದರು. ಅರ್ಧಚಂದ್ರದಂಥ ಮರಳದಂಡೆ, ಗಾಳಿಮರಗಳ ಸಾಲು, ಕಡಲಿಗೆ ಸೇರುವ ಕಾಳೀನದಿ. ಒಂದು ಸಂಜೆ ದೋಣಿಯಲ್ಲಿ ನದಿಯ ಮೇಲ್ಮೊಗಕ್ಕೆ ಹೋಗಿ, ಶಿವಾಜಿಯ ಗುಡ್ಡದ ಕೋಟೆ ನೋಡಿ, ರೈತನೊಬ್ಬನ ಅಂಗಳದಲ್ಲಿ ಊಟಮಾಡಿ, ಬೆಳದಿಂಗಳಲ್ಲಿ ಮರಳ ಮೇಲೆ ನಡೆದು ಮನೆಗೆ ಬಂದದ್ದನ್ನು ಅವರು ತಮ್ಮ ನೆನಪುಗಳ ಪುಸ್ತಕದಲ್ಲಿ ಬರೆದಿದ್ದಾರೆ. ಅದೇ ಕಾರವಾರದಲ್ಲಿ ಬರೆದ ನಾಟಕ ‘ಪ್ರಕೃತಿರ್ ಪ್ರತಿಶೋಧ’. ಲೋಕದ ನಂಟೆಲ್ಲ ಕಡಿದುಕೊಂಡು ಗುಹೆ ಸೇರಿದ ಸನ್ಯಾಸಿಯೊಬ್ಬನನ್ನು ಒಬ್ಬ ಅನಾಥ ಹುಡುಗಿ ಮತ್ತೆ ಲೋಕಕ್ಕೆ ಎಳೆದು ತರುತ್ತಾಳೆ. ಸೀಮೆಯೊಳಗೇ ಅಸೀಮವನ್ನು ಕಾಣುವುದು ಮುಂದಿನ ತಮ್ಮ ಬರವಣಿಗೆಗೆಲ್ಲ ವಸ್ತುವಾಯಿತು, ಅದಕ್ಕೆ ಈ ನಾಟಕವೇ ಪೀಠಿಕೆ ಎಂದು ಅವರೇ ಹೇಳಿಕೊಂಡಿದ್ದಾರೆ. ಆ ಕಡಲತಡಿಗೆ ಈಗ ರವೀಂದ್ರರ ಹೆಸರಿದೆ. ಅಲ್ಲಿ ಸಂಜೆ ತಿರುಗಾಡಲು ಹೋಗುವವರಲ್ಲಿ ಎಷ್ಟು ಜನಕ್ಕೆ ಹೆಸರಿನ ಹಿಂದಿನ ಈ ನಾಟಕ ಗೊತ್ತಿದೆಯೋ.

ನಾಟಕದ ಸನ್ಯಾಸಿ ಪ್ರಕೃತಿಯನ್ನು ಗೆದ್ದೆನೆಂದುಕೊಂಡವನು. ಅದು ಸೇಡು ತೀರಿಸಿಕೊಳ್ಳುವುದು ಒಂದು ಪುಟ್ಟ ಹುಡುಗಿಯ ಮೂಲಕ. ನಾಲ್ಕು ವರ್ಷದ ನಂತರ ರವೀಂದ್ರರು ಕಾಗದ ಬರೆಯತೊಡಗಿದ್ದೂ ಹದಿಮೂರು ತುಂಬಿದ ಒಬ್ಬ ಹುಡುಗಿಗೆ. ಇದನ್ನು ಕಾಕತಾಳೀಯ ಅನ್ನಿ, ಅಡ್ಡಿಯಿಲ್ಲ. ಆದರೆ ತಮ್ಮ ಆಳದ ಮಾತು ಹೊರಗೆ ಬರಬೇಕಾದರೆ ಎದುರಿಗೆ ಒಂದು ಮುಖ ಬೇಕು ಅನ್ನುವುದನ್ನು ಅವರು ಬಹಳ ಬೇಗ ಕಂಡುಕೊಂಡಿದ್ದರು.

ತೇಲುವ ಕಚೇರಿ

ಬೋಟಿನಲ್ಲಿ ಕೂತು ಕಾಗದ ಬರೆಯುವ ಪರಿಸ್ಥಿತಿ ಬಂದದ್ದಾದರೂ ಹೇಗೆ? ಅಪ್ಪ ದೇವೇಂದ್ರನಾಥರು ಕಿರಿಮಗನ ಹೆಗಲಿಗೆ ಆಸ್ತಿಯ ಉಸ್ತುವಾರಿ ಹೊರಿಸಿದರು. 1890ರ ಹೊತ್ತಿಗೆ ಶಿಲಾಯಿದಹ, ಶಹಜಾದಪುರ, ಪತಿಸರ ಎಂಬ ಮೂರು ಠಾಣ್ಯಗಳ ಹೊಣೆ ರವೀಂದ್ರರ ಮೇಲೆ ಬಿತ್ತು. ಮೂರೂ ಈಗ ಬಾಂಗ್ಲಾದೇಶದಲ್ಲಿವೆ. ನೀರೇ ದಾರಿಯಾದ ಆ ಸೀಮೆಯಲ್ಲಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಲು ದೋಣಿಯೇ ಗತಿ. ಪದ್ಮಾ, ಗೊರಾಯಿ, ಇಛಾಮತಿ, ಆತ್ರಾಯಿ ನದಿಗಳು, ಚಲನ್ ಬೀಲ್ ಎಂಬ ವಿಶಾಲ ಜೌಗು. ಮನೆತನದ ಹಳೆಯ ದೋಣಿಮನೆಗೆ ಅವರು ನದಿಯ ಹೆಸರನ್ನೇ ಇಟ್ಟುಕೊಂಡರು: ಪದ್ಮಾ. ಬೆಳಿಗ್ಗೆ ಗುಮಾಸ್ತರು, ರೈತರು, ಜಮಾಖರ್ಚು. ಮಧ್ಯಾಹ್ನದ ಬಿಸಿಲಿಗೆ ಊರು ಮಲಗಿದ ಮೇಲೆ ಕತೆ, ಕವಿತೆ, ಕಾಗದ.

ಜಮೀನ್ದಾರಿಕೆಯ ಗತ್ತು ಅವರಿಗೆ ಕೊನೆಗೂ ಒಗ್ಗಲಿಲ್ಲ. ಕುರ್ಚಿಯ ಮೇಲೆ ಬಿಮ್ಮನೆ ಕೂತ ತನಗೆ ಮುಪ್ಪಿನ ರೈತರು ಅಡ್ಡಬೀಳುವುದನ್ನು ಕಂಡು, ಒಳಗೆ ನಾನೂ ಇವರ ಹಾಗೆಯೇ ಸಣ್ಣಸಣ್ಣ ಸುಖದುಃಖದ ಪ್ರಾಣಿ ಎಂದು ಇವರಿಗೆ ಗೊತ್ತಾದರೆ ಏನು ಗತಿ ಎಂದು ಕಾಗದದಲ್ಲಿ ನಗುತ್ತಾರೆ. ಒಮ್ಮೆ ಶಾಲೆಯ ಹುಡುಗರ ನಿಯೋಗವೊಂದು ಬಂತು. ಅವರ ಮುಖಂಡ ಭಾರೀ ಸಂಸ್ಕೃತದ ಗ್ರಾಂಥಿಕ ಭಾಷೆಯಲ್ಲಿ ದೊಡ್ಡದಾಗಿ ಭಾಷಣ ಬಿಗಿದ. ಕೊನೆಗೆ ತಿಳಿದದ್ದು ಇಷ್ಟು: ಶಾಲೆಯಲ್ಲಿ ಕೂರಲು ಬೆಂಚು ಸಾಲದು.

ಇಂಥವೆಲ್ಲ ಮುಂದೆ ಕತೆಗಳಾದವು. ಶಹಜಾದಪುರದಲ್ಲಿ ಅಂಚೆ ಕಚೇರಿ ಇದ್ದದ್ದು ಠಾಕೂರರ ಕೋಠಿಮನೆಯ ಕೆಳಗಿನ ಅಂತಸ್ತಿನಲ್ಲೇ. ಸಂಜೆ ಹರಟೆಗೆ ಬರುತ್ತಿದ್ದ ಅಂಚೆಯವನು ‘ಪೋಸ್ಟ್‌ಮಾಸ್ಟರ್’ ಕತೆಗೆ ಕಾರಣನಾದ. ದಡದಲ್ಲಿ ದೊಡ್ಡ ಹಾಯಿಕಂಬವನ್ನು ಉರುಳಿಸುತ್ತಿದ್ದ ಹುಡುಗರು, ಅವರ ಆಟ ಕೆಡಿಸಲೆಂದೇ ಅದರ ಮೇಲೆ ಬಂದು ಕೂತ ಒಂದು ಪುಟ್ಟ ಹುಡುಗಿ ಮೊದಲು ಬಂದದ್ದು ಕಾಗದದಲ್ಲಿ, ಆಮೇಲೆ ‘ಛುಟಿ’ ಕತೆಯಲ್ಲಿ. ಗಂಡನ ಮನೆಗೆ ದೋಣಿಯಲ್ಲಿ ಹೊರಟ, ಗಂಡುಹುಡುಗನಂಥ ಗಟ್ಟಿ ಹುಡುಗಿಯೊಬ್ಬಳು ‘ಸಮಾಪ್ತಿ’ಯ ಮೃಣ್ಮಯಿಯಾದಳು. ಕತೆಗಾರ ರವೀಂದ್ರರನ್ನು ತಿಳಿಯಲು ಈ ಕಾಗದಗಳು ಎಷ್ಟು ಮುಖ್ಯ ಎಂಬುದನ್ನು ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಾನು ಅಲ್ಲಿ ನಿಲ್ಲುವುದಿಲ್ಲ.

ನಂಟಸ್ತಿಕೆ

1892ರ ಆಗಸ್ಟ್‌ನಲ್ಲಿ ಶಿಲಾಯಿದಹದಿಂದ ಬರೆದ ಕಾಗದವೊಂದಿದೆ. ಮಳೆ ಬಿಟ್ಟ ಬೆಳಗು, ತೊಳೆದಿಟ್ಟಂಥ ಬಿಸಿಲು. ಅದನ್ನು ನೋಡುತ್ತಿದ್ದಂತೆ ಅವರಿಗೆ ಏನೋ ನೆನಪಾಗುತ್ತದೆ. ಬಾಲ್ಯದ ನೆನಪಲ್ಲ, ಹುಟ್ಟಿಗೂ ಹಿಂದಿನ ನೆನಪು. ಒಂದು ಕಾಲದಲ್ಲಿ ನಾನು ಈ ಭೂಮಿಯ ಜೊತೆ ಒಂದೇ ಆಗಿದ್ದೆ, ನನ್ನ ಮೈಮೇಲೆ ಹುಲ್ಲು ಬೆಳೆಯುತ್ತಿತ್ತು, ಶರತ್ಕಾಲದ ಬೆಳಕು ಬಿದ್ದರೆ ನನ್ನ ರೋಮರೋಮದಿಂದ ಯೌವನದ ಬಿಸಿ ಆವಿಯಾಗಿ ಏಳುತ್ತಿತ್ತು ಎಂಬರ್ಥದಲ್ಲಿ ಬರೆಯುತ್ತಾರೆ. ಅದೇ ವರ್ಷದ ಡಿಸೆಂಬರಿನ ಇನ್ನೊಂದು ಕಾಗದದಲ್ಲಿ ಕಲ್ಪನೆ ಇನ್ನೂ ಹಿಂದೆ ಹೋಗುತ್ತದೆ. ಕಡಲಿನಿಂದ ಆಗತಾನೆ ಮಿಂದು ಎದ್ದ ಎಳೆಯ ಭೂಮಿ, ಅದರ ಮೊದಲ ಮಣ್ಣಿನಲ್ಲಿ ಮರವಾಗಿ ಚಿಗುರಿದ ತಾನು, ಹಸುಗೂಸು ತಾಯಿಯ ಮೊಲೆ ಹಿಡಿಯುವ ಹಾಗೆ ಬೇರಿನಿಂದ ಮಣ್ಣನ್ನು ಹಿಡಿದದ್ದು. ಭೂಮಿ ಮತ್ತು ತಾನು ಎದುರುಬದುರು ಕೂತರೆ ಆ ಹಳೆಯ ಪರಿಚಯ ಸ್ವಲ್ಪಸ್ವಲ್ಪವಾಗಿ ಮರುಕಳಿಸುತ್ತದೆಯಂತೆ.

ಇದನ್ನು ಪೂಜೆ ಅನ್ನಲು ನನಗೆ ಮನಸ್ಸಾಗುವುದಿಲ್ಲ. ಪೂಜೆಯಲ್ಲಿ ದೇವರು ಮೇಲೆ, ಭಕ್ತ ಕೆಳಗೆ. ಇಲ್ಲಿರುವುದು ನಂಟಸ್ತಿಕೆ; ದೂರದ ಊರಿನಲ್ಲಿ ಯಾರೋ ಅಜ್ಜಿಯೊಬ್ಬಳು ಗದ್ದ ಹಿಡಿದು ನೋಡಿ, ನೀನು ಇಂಥವರ ಮೊಮ್ಮಗನಲ್ಲವೇ ಎಂದು ಗುರುತು ಹಚ್ಚಿದಾಗ ಆಗುವಂಥ ಬೆರಗು. ಗೌರವ ಅದರಲ್ಲಿ ಇದ್ದೇ ಇದೆ, ಆದರೆ ಅದು ಸಲುಗೆಯೊಳಗಿನ ಗೌರವ. ಆದ್ದರಿಂದಲೇ ನದಿಗಳ ಬಗ್ಗೆ ಬರೆಯುವಾಗ ಅವರಿಗೆ ಬೈಯಲೂ ಬರುತ್ತದೆ. 1892ರ ಜುಲೈನಲ್ಲಿ ಗೊರಾಯಿ ಸೇತುವೆಯಡಿ ಹಾಯುವಾಗ ದೋಣಿಯ ಹಾಯಿಕಂಬ ಮೇಲೆ ಸಿಕ್ಕಿಕೊಂಡಿತು. ಕೆಳಗೆ ಪ್ರವಾಹ ದೋಣಿಯನ್ನು ನೂಕುತ್ತಿದೆ, ಮೇಲೆ ಕಂಬ ಬಾಗುತ್ತಿದೆ, ದಡದ ಜನ ಅರಚುತ್ತಿದ್ದಾರೆ. ಪ್ರಾಣ ಉಳಿದದ್ದೇ ಹೆಚ್ಚು. ಅದನ್ನೆಲ್ಲ ಅದೇ ದಿನ ಕಾಗದದಲ್ಲಿ ಬರೆದು ಕಳಿಸಿದರು. ನದಿಯ ಮೇಲಿನ ಪ್ರೀತಿ ಅದರಿಂದ ಏನೂ ಕಡಿಮೆಯಾದಂತೆ ಕಾಣುವುದಿಲ್ಲ.

ನಗುವಂತೂ ಎಲ್ಲೆಲ್ಲೂ ಇದೆ. 1892ರ ಮೇ ತಿಂಗಳಲ್ಲಿ ಬೋಲ್ಪುರದ ಬಯಲಿನಲ್ಲಿ ತಿರುಗಾಡಲು ಹೋದಾಗ ಬಿರುಗಾಳಿ ಹಿಡಿದುಕೊಂಡಿತು. ಕಣ್ಣಿಗೆ ಧೂಳು, ಬಟ್ಟೆಗೆ ಮುಳ್ಳು, ಆಮೇಲೆ ಮಳೆ. ಮನೆ ಮುಟ್ಟಿದ ಕವಿ ಬರೆದದ್ದು ಬಿರುಗಾಳಿಯ ಮೇಲೆ ಸ್ತೋತ್ರವನ್ನಲ್ಲ, ವೈಷ್ಣವ ಕವಿಗಳ ಮೇಲೊಂದು ತಕರಾರನ್ನು. ಬಿರುಮಳೆಯ ರಾತ್ರಿಯಲ್ಲಿ ರಾಧೆ ಕೃಷ್ಣನನ್ನು ಕೂಡಲು ಹೊರಟಳೆಂದು ಇವರೆಲ್ಲ ಪರವಶರಾಗಿ ಹಾಡಿದರಲ್ಲ, ಅಲ್ಲಿ ಹೋಗಿ ಮುಟ್ಟುವಾಗ ಅವಳ ಕೂದಲು ಯಾವ ಸ್ಥಿತಿಯಲ್ಲಿತ್ತು, ಮೈಮೇಲೆ ಎಷ್ಟು ಕೆಸರಿತ್ತು ಎಂದು ಒಬ್ಬರಾದರೂ ಯೋಚಿಸಿದರೇ? ಮಳೆಯಲ್ಲಿ ನಿಜವಾಗಿ ನೆನೆದವನಿಗೇ ಇಂಥ ಪ್ರಶ್ನೆ ಹೊಳೆಯುವುದು.

ಅದೇ ವರ್ಷ ಜೂನ್ ತಿಂಗಳ ಕಾಗದದಲ್ಲಿ ಇದೇ ಮನುಷ್ಯ ಮಳೆಗಾಗಿ ಕಾದು ಕೂತಿದ್ದಾರೆ. ಆಷಾಢದ ಮೊದಲ ದಿನ. ಮೇಘದೂತ ಓದಿದವರಿಗೆ ಅದು ಬರೀ ಪಂಚಾಂಗದ ತಿಥಿಯಾಗಿ ಉಳಿಯುವುದಿಲ್ಲ. ನಮ್ಮಲ್ಲೂ ಆ ದಿನ ಮೋಡ ಕವಿದರೆ ಕಾಳಿದಾಸನನ್ನು ನೆನೆಯುವ ಮೇಷ್ಟರುಗಳಿದ್ದರು. ಹಗಲೆಲ್ಲ ಸೆಕೆ, ಮಧ್ಯಾಹ್ನದ ಮೇಲೆ ಕಪ್ಪು ಮೋಡ. ಕೋಣೆಯೊಳಗೆ ಬಂದಿಯಾಗಿರುವುದಕ್ಕಿಂತ ನೆನೆದರೂ ಸರಿ ಎಂದು ಅವರು ಹೊರಗೆ ಕೂತರು. ಈ ವರ್ಷ ಮತ್ತೆ ಬಾರದು, ಇಂಥ ಮೊದಲ ದಿನಗಳು ಜೀವನದಲ್ಲಿ ಇನ್ನೆಷ್ಟು ಬಂದಾವು, ಮೂವತ್ತು ಸಿಕ್ಕರೂ ದೀರ್ಘಾಯುಷ್ಯವೇ ಸರಿ ಎಂದು ಲೆಕ್ಕ ಹಾಕಿದರು. 1941ರ ಆಗಸ್ಟ್ 7ರಂದು ತೀರಿಕೊಳ್ಳುವವರೆಗೆ ಅವರಿಗೆ ಇನ್ನೂ 49 ಆಷಾಢಗಳು ದಕ್ಕಿದವು.

ತೀವ್ರತೆ ಅಂದರೆ ನನ್ನ ಮಟ್ಟಿಗೆ ಇದು. ಮೈಮರೆತು ಉದ್ಗಾರ ತೆಗೆಯುವುದು ಯಾರಿಗೂ ಬರುತ್ತದೆ. ಎದುರಿಗಿರುವ ಮೋಡ ಇವತ್ತಿನದು, ಇದು ಮುಗಿದರೆ ಮುಗಿಯಿತು ಎಂಬ ಆತಂಕದಲ್ಲಿ ಅದನ್ನು ನೋಡುವುದು ಬೇರೆ. 1893ರ ಮೇ ತಿಂಗಳ ಒಂದು ಕಾಗದದಲ್ಲಿ ಈ ಆತಂಕ ವಿಚಿತ್ರವಾದ ಭಯವಾಗಿ ಬರುತ್ತದೆ. ಸಂಜೆ ಸ್ನಾನ ಮಾಡಿ, ನದಿಯ ದಂಡೆಯಲ್ಲಿ ತಿರುಗಾಡಿ, ಸಣ್ಣ ದೋಣಿಯಲ್ಲಿ ಹಾಸಿಗೆ ಹಾಸಿ ಅಂಗಾತ ಮಲಗಿದ್ದಾರೆ. ತಲೆಯ ಮೇಲೆ ನಕ್ಷತ್ರ. ಮುಂದಿನ ಜನ್ಮದಲ್ಲಿ ಈ ಆಕಾಶದ ಕೆಳಗೆ ಹೀಗೆ ಮಲಗುವ ಯೋಗ ಇದೆಯೋ ಇಲ್ಲವೋ, ಎಲ್ಲಾದರೂ ಯೂರೋಪಿನಲ್ಲಿ ಹುಟ್ಟಿಬಿಟ್ಟರೆ! ಅಲ್ಲಿ ಹೀಗೆ ಆಕಾಶಕ್ಕೆ ಮನಸ್ಸು ಬಿಚ್ಚಿಟ್ಟು ಮಲಗುವುದು ದೊಡ್ಡ ಅಪರಾಧ. ಕಾರ್ಖಾನೆಯಲ್ಲೋ ಬ್ಯಾಂಕಿನಲ್ಲೋ ಪಾರ್ಲಿಮೆಂಟಿನಲ್ಲೋ ಬೆವರು ಸುರಿಸಬೇಕು. ಇಪ್ಪತ್ತು ವರ್ಷದ ನಂತರ ಅದೇ ಯೂರೋಪು ಅವರಿಗೆ ನೊಬೆಲ್ ಕೊಟ್ಟಿತು. ಅಂಗಾತ ಮಲಗುವ ವಿರಾಮ ಅಲ್ಲಿಗೆ ತೀರಿತು ಅನ್ನುವುದು ಅವರ ಪ್ರವಾಸಗಳ ಪಟ್ಟಿ ನೋಡಿದರೆ ತಿಳಿಯುತ್ತದೆ.

ಮಲಗುವ ವಿರಾಮಕ್ಕೆ ಬಾಡಿಗೆ ತೆತ್ತವರು ಯಾರು ಎಂದು ಕೇಳುವವರಿದ್ದಾರೆ, ಕೇಳಲೇಬೇಕು. ರೈತರ ಗೇಣಿಯಿಂದ ನಡೆದ ದೋಣಿ ಅದು. ಬೆಳದಿಂಗಳನ್ನು ಸವಿಯಲು ಹೊತ್ತು ಸಿಕ್ಕಿದ್ದು ಜಮೀನ್ದಾರನಿಗೆ, ದಡದ ಮೇಲೆ ಭತ್ತ ಕುಟ್ಟುತ್ತಿದ್ದವಳಿಗಲ್ಲ. ಇದಕ್ಕೆ ಉತ್ತರವನ್ನು ಕಾಗದಗಳಲ್ಲೇ ಹುಡುಕಬೇಕು.

ದಿಘಾಪತಿಯಾದ ದಾರಿಯಲ್ಲಿ

1894ರ ಆಗಸ್ಟ್. ನದಿ ತುಂಬಿ ಹರಿಯುತ್ತಿದೆ. ಪ್ರವಾಹದಲ್ಲಿ ಒಂದು ಸತ್ತ ಹಕ್ಕಿ ತೇಲಿ ಬಂತು. ಅದರ ಸಾವಿನ ಕಥೆಯನ್ನು ರವೀಂದ್ರರು ಮನಸ್ಸಿನಲ್ಲೇ ಕಟ್ಟುತ್ತಾರೆ. ಯಾವುದೋ ಊರಂಚಿನ ಮಾವಿನಮರದಲ್ಲಿ ಗೂಡು. ಸಂಜೆ ಬಂದು ಮೆತ್ತನೆಯ ರೆಕ್ಕೆಗಳ ನಡುವೆ ಮುದುರಿ ಮಲಗಿತ್ತು. ರಾತ್ರಿ ಪದ್ಮೆ ಒಂದಿಷ್ಟು ಮಗ್ಗುಲು ಬದಲಿಸಿದಳು, ಮರದ ಬುಡದ ಮಣ್ಣು ಕುಸಿಯಿತು. ಅಷ್ಟೇ. ಪಟ್ಟಣದಲ್ಲಿ ಮನುಷ್ಯ ವಿಪರೀತ ದೊಡ್ಡವನಾಗಿ ಕಾಣುತ್ತಾನೆ, ಅವನ ಮುಂದೆ ಉಳಿದ ಜೀವಗಳ ಸುಖದುಃಖ ಲೆಕ್ಕಕ್ಕೇ ಬರುವುದಿಲ್ಲ. ಇಲ್ಲಿ ಈ ನದಿಯ ಎದುರಿಗೆ ಹಕ್ಕಿಗೂ ನನಗೂ ಇರುವ ಅಂತರ ಬಹಳ ಕಡಿಮೆ ಎಂದು ಅವರಿಗೆ ಅನ್ನಿಸುತ್ತದೆ. ಮಾರ್ಚಿನಲ್ಲಿ ನೀರಿಗೆ ಹಾರಿದ ಕೋಳಿಯ ಕಾಗದದ ಮುಂದುವರಿಕೆ ಇದು.

ಒಂದೂವರೆ ತಿಂಗಳು ಕಳೆದು, ಸೆಪ್ಟೆಂಬರಿನಲ್ಲಿ, ದಿಘಾಪತಿಯಾದ ಕಡೆ ಹೋಗುವ ಜಲಮಾರ್ಗದಿಂದ ಇನ್ನೊಂದು ಕಾಗದ ಹೋಯಿತು. ನೆರೆ ಬಂದಿದೆ. ಮರಗಳು ಕುತ್ತಿಗೆಯವರೆಗೆ ಮುಳುಗಿವೆ, ಮಾವಿನತೋಪಿನ ನೆರಳಿನಲ್ಲಿ ದೋಣಿಗಳನ್ನು ಕಟ್ಟಿದ್ದಾರೆ, ಗುಡಿಸಲುಗಳು ನೀರಿನ ನಡುವೆ ಒಂಟಿಯಾಗಿ ನಿಂತಿವೆ. ಚಿತ್ರ ಬರೆಯುವವನಿಗೆ ಇಷ್ಟು ಸಾಕಿತ್ತು. ರವೀಂದ್ರರು ಅಲ್ಲಿಗೆ ನಿಲ್ಲುವುದಿಲ್ಲ. ಆ ನೀರಿನಲ್ಲಿ ಎಲೆ, ಬಳ್ಳಿ, ಕಸ ಕೊಳೆಯುತ್ತಿದೆ. ಹೊಟ್ಟೆ ಉಬ್ಬಿದ, ಕೈಕಾಲು ಕಡ್ಡಿಯಾದ ಮಕ್ಕಳು ಅದರಲ್ಲೇ ಆಡುತ್ತಿವೆ. ಹೆಂಗಸರು ಒದ್ದೆ ಸೀರೆಯನ್ನು ಮೊಣಕಾಲಿನ ಮೇಲೆತ್ತಿ, ಸುರಿಯುವ ಮಳೆಯಲ್ಲಿ, ಚಳಿಗಾಳಿಯಲ್ಲಿ, ನೀರಲ್ಲೇ ನಿಂತು ಮನೆಗೆಲಸ ಮಾಡುತ್ತಿದ್ದಾರೆ. ಮನೆಮನೆಯಲ್ಲಿ ಜ್ವರ, ವಾತ, ನೆಗಡಿ. ಇಷ್ಟು ಅನಾರೋಗ್ಯ, ಇಷ್ಟು ಕುರೂಪ, ಇಷ್ಟು ಬಡತನ ಮನುಷ್ಯರ ವಸತಿಯಲ್ಲಿ ಇರಕೂಡದು ಎಂದು ಸಿಡಿಯುತ್ತಾರೆ. ಪ್ರಕೃತಿಯ ಉಪದ್ರವವನ್ನೂ ಸಹಿಸುತ್ತೇವೆ, ದೊರೆಗಳ ಉಪದ್ರವವನ್ನೂ ಸಹಿಸುತ್ತೇವೆ, ಶಾಸ್ತ್ರಗಳು ಯುಗಯುಗದಿಂದ ಅರೆಯುವುದನ್ನೂ ಸಹಿಸುತ್ತೇವೆ, ಯಾವುದಕ್ಕೂ ಎದುರು ಮಾತಾಡುವ ಅಭ್ಯಾಸ ನಮಗಿಲ್ಲ ಎಂಬುದು ಅವರ ಸಂಕಟ.

ಇಡೀ ಸಂಗ್ರಹದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡ ಕಾಗದ ಇದು. ಎರಡು ವರ್ಷದ ಹಿಂದೆ ಭೂಮಿಯ ಮೊಲೆಗೆ ಬಾಯಿಟ್ಟ ಮರವಾಗಿದ್ದೆ ಅಂದವರೇ ಇಲ್ಲಿ ಆ ತಾಯಿಯ ಉಪದ್ರವವನ್ನು ದೊರೆಗಳ, ಶಾಸ್ತ್ರಗಳ ಉಪದ್ರವದ ಸಾಲಿನಲ್ಲಿ ಕೂರಿಸಿದ್ದಾರೆ. ಭಕ್ತಿ ಕಣ್ಣು ಕಟ್ಟಿಲ್ಲ. ಮತ್ತೆ, ಸಂಕಟ ಕಾಗದದಲ್ಲೇ ಒಣಗಲಿಲ್ಲ. 1905ರಲ್ಲಿ ಪತಿಸರದಲ್ಲಿ ರೈತರಿಗಾಗಿ ಕೃಷಿ ಬ್ಯಾಂಕು ತೆರೆದರು. ಅದರ ಮರುವರ್ಷ ಮಗ ರಥೀಂದ್ರನಾಥನನ್ನು ಬೇಸಾಯ ಕಲಿಯಲು ಅಮೆರಿಕದ ಇಲಿನಾಯ್‌ಗೆ ಕಳಿಸಿದರು. ಜಮೀನ್ದಾರರ ಮಕ್ಕಳು ಬ್ಯಾರಿಸ್ಟರಾಗಲು ಲಂಡನ್ನಿಗೆ ಹೋಗುತ್ತಿದ್ದ ಕಾಲ ಅದು. ನೊಬೆಲ್ ಹಣದ ದೊಡ್ಡ ಪಾಲು ಹೋದದ್ದು ಆ ಪತಿಸರದ ಬ್ಯಾಂಕಿಗೇ, ಕೊನೆಗೆ ಅಲ್ಲೇ ಮುಳುಗಿತು. 1922ರಲ್ಲಿ ಹಳ್ಳಿಗಳ ಏಳಿಗೆಗೆಂದು ಶ್ರೀನಿಕೇತನ ಬಂತು, 1928ರಲ್ಲಿ ಶಾಂತಿನಿಕೇತನದಲ್ಲಿ ಗಿಡ ನೆಡುವ ಹಬ್ಬ ಬಂತು. ಗೇಣಿಯ ಪ್ರಶ್ನೆ ಇದರಿಂದ ಚುಕ್ತಾ ಆಯಿತೆಂದು ನಾನು ಹೇಳಲಾರೆ. ಜಮೀನ್ದಾರಿಕೆಯನ್ನು ಅವರು ಬಿಡಲಿಲ್ಲ. ಆದರೆ ದೋಣಿಯ ಕಿಟಕಿಯಿಂದ ಕಂಡದ್ದಕ್ಕೆ ಅವರು ಬೆನ್ನು ತಿರುಗಿಸಲಿಲ್ಲ ಅನ್ನುವುದಕ್ಕೆ ಈ ಹೆಜ್ಜೆಗಳು ಸಾಕ್ಷಿ.

ಕತ್ತರಿ

ಇಷ್ಟು ಮಾತು ಹೊರಟದ್ದು ಇಂದಿರಾಗಾಗಿ. ಆಕೆ ಫ್ರೆಂಚ್ ಬಲ್ಲವಳು, ಸಂಗೀತ ಬಲ್ಲವಳು, 1892ರಲ್ಲಿ ಬಿ.ಎ. ಮುಗಿಸಿದವಳು. 1894ರ ಅಕ್ಟೋಬರಿನಲ್ಲಿ ರವೀಂದ್ರರೇ ಆಕೆಗೆ ಒಂದು ಮಾತು ಬರೆಯುತ್ತಾರೆ: ನಿನಗೆ ಬರೆದ ಕಾಗದಗಳಲ್ಲಿ ನನ್ನ ಮನಸ್ಸು ತೆರೆದುಕೊಂಡಷ್ಟು ಬೇರಾವ ಬರಹದಲ್ಲೂ ತೆರೆದುಕೊಂಡಿಲ್ಲ, ಅದಕ್ಕೆ ಕಾರಣ ನಾನು ಮಾತ್ರ ಅಲ್ಲ, ಕೇಳುವ ನಿನ್ನ ಸ್ವಭಾವವೂ ಹೌದು ಎಂಬ ಅರ್ಥದ ಮಾತು. ಹೆಂಡತಿ ಮೃಣಾಲಿನಿಗೂ ಅವರು ಕಾಗದ ಬರೆಯುತ್ತಿದ್ದರು. ಅವು ಕವಿ ತೀರಿಕೊಂಡ ಮರುವರ್ಷ, 1942ರಲ್ಲಿ ಅಚ್ಚಾದವು. ಅಲ್ಲಿ ಮಕ್ಕಳು, ಮನೆಖರ್ಚು, ಉತ್ತರ ಬರೆಯುವುದಿಲ್ಲ ಎಂಬ ಮುನಿಸು. ಹತ್ತು ವರ್ಷಕ್ಕೆ ಮದುವೆಯಾಗಿ ಬಂದ ಹುಡುಗಿಗೆ ಸಂಸಾರ, ಕಾಲೇಜು ಓದಿದ ಹುಡುಗಿಗೆ ಆಕಾಶ. ಆ ಕಾಲದ ಠಾಕೂರರ ಮನೆಯಲ್ಲೂ ಹೆಣ್ಣುಮಕ್ಕಳ ಪಾಲು ಹೀಗೆ ಹಂಚಿಹೋಗಿತ್ತು. ಈ ಸಂಗತಿ ಮರೆತು ಇಂದಿರಾಗೆ ಬಂದ ಕಾಗದಗಳನ್ನು ಹೊಗಳಿದರೆ ನ್ಯಾಯವಾಗುವುದಿಲ್ಲ.

ಇಂದಿರಾ ಆ ಕಾಗದಗಳನ್ನು ಜೋಪಾನ ಮಾಡಿದ್ದಷ್ಟೇ ಅಲ್ಲ, ತೀರ ಖಾಸಗಿ ಮಾತುಗಳನ್ನು ಬಿಟ್ಟು ಎರಡು ವಹಿಗಳಲ್ಲಿ ನಕಲು ಮಾಡಿ ಕಾಕಾನ ಕೈಗಿಟ್ಟರು. 1895ರಲ್ಲಿಯೇ ರವೀಂದ್ರರು, ನಿನ್ನ ಬಳಿಯಿರುವ ಕಾಗದಗಳನ್ನು ಒಮ್ಮೆ ಕೊಡು, ನಾನು ಸವಿದ ಚೆಲುವನ್ನೆಲ್ಲ ಅದರಿಂದ ಎತ್ತಿ ಬರೆದುಕೊಳ್ಳುತ್ತೇನೆ, ಮುಪ್ಪಿನಲ್ಲಿ ಬೇಕಾಗುತ್ತದೆ ಎಂದು ಕೇಳಿದ್ದರು. 1912ರಲ್ಲಿ ಆ ವಹಿಗಳಿಂದ ಪುಸ್ತಕ ಮಾಡಿದಾಗ ಹೆಚ್ಚುಕಡಿಮೆ ಅದನ್ನೇ ಮಾಡಿದರು. ‘ಛಿನ್ನಪತ್ರ’ದಲ್ಲಿ ಇಂದಿರಾಗೆ ಬರೆದ 145 ಕಾಗದಗಳಿವೆ, ಗೆಳೆಯ ಶ್ರೀಶಚಂದ್ರ ಮಜುಮ್ದಾರರಿಗೆ ಬರೆದ ಎಂಟು ಬೇರೆ. ಉಳಿಸಿಕೊಂಡ ಕಾಗದಗಳ ಮೇಲೂ ಕತ್ತರಿ ಆಡಿತು. ಮನೆಮಾತು, ಸಿಡುಕು, ಕಚೇರಿಯ ತಾಪತ್ರಯಗಳು ಎಷ್ಟೋ ಹೋದವು. ನದಿ, ಆಕಾಶ, ಸಂಜೆಗಳು ಉಳಿದವು. ಅದೇ ವರ್ಷ ಲಂಡನ್ನಿನಲ್ಲಿ ಇಂಗ್ಲಿಷ್ ಗೀತಾಂಜಲಿ ಅಚ್ಚಾಯಿತು. ಐವತ್ತು ದಾಟಿದ ಕವಿ ತನ್ನ ಮೂವತ್ತರ ಹರೆಯವನ್ನು ಋಷಿಯ ಕಣ್ಣಿನಿಂದ ತಿದ್ದಿದರು ಎಂದೇ ನನಗೆ ಅನ್ನಿಸುತ್ತದೆ. 1921ರಲ್ಲಿ ಬಂದ ಇಂಗ್ಲಿಷ್ ಅನುವಾದ ‘ಗ್ಲಿಂಪ್ಸಸ್ ಆಫ್ ಬೆಂಗಾಲ್’ ಇನ್ನೂ ತೆಳ್ಳಗಾಯಿತು. ಅನುವಾದಿಸಿದವರು ಇಂದಿರಾ ಅವರ ಅಣ್ಣ ಸುರೇಂದ್ರನಾಥ.

ಕತ್ತರಿ ಮುಟ್ಟಿದರೂ ಕೆಲವು ಕಾಗದಗಳು ಪೆಟ್ಟಾಗದೆ ಉಳಿದವು. 1895ರ ಡಿಸೆಂಬರಿನದು ಅಂಥದು. ಸಂಜೆ ದೀಪ ಹಚ್ಚಿಕೊಂಡು, ಕಾವ್ಯ, ಕಲೆ, ಸೌಂದರ್ಯ ಎಂದು ತರ್ಕ ಬೆಳೆಸಿದ ಒಂದು ಇಂಗ್ಲಿಷ್ ವಿಮರ್ಶೆಯ ಪುಸ್ತಕವನ್ನು ಓದುತ್ತಿದ್ದರು. ಓದಿದಷ್ಟೂ ಎಲ್ಲ ಮರೀಚಿಕೆಯಂತೆ ಕಂಡು, ಬೇಸತ್ತು, ಪುಸ್ತಕ ಬಿಸಾಡಿ ದೀಪ ಆರಿಸಿದರು. ಆರಿಸಿದ್ದೇ ತಡ, ತೆರೆದ ಕಿಟಕಿಗಳಿಂದೆಲ್ಲ ಬೆಳದಿಂಗಳು ಒಳಗೆ ನುಗ್ಗಿತು. ಅಷ್ಟು ಹೊತ್ತೂ ಅದು ಹೊರಗೆ ನಿಂತಿತ್ತು. ಒಂದು ಸಣ್ಣ ದೀಪದ ಕುಡಿ ಇಡೀ ಆಕಾಶದ ಬೆಳಕನ್ನು ತಡೆದಿತ್ತು. ವಿಮರ್ಶೆ ಬರೆಯುವ ನಮ್ಮಂಥವರು ಈ ಕಾಗದವನ್ನು ಓದಿ ಸುಮ್ಮನಾಗುವುದು ಲೇಸು.

ಪೂರ್ಣ ಪಾಠ ಬರಲು 1960 ಆಗಬೇಕಾಯಿತು. ವಹಿಗಳಲ್ಲಿ ಇದ್ದದ್ದನ್ನು ಇದ್ದಂತೆ ಅಚ್ಚುಮಾಡಿದ ‘ಛಿನ್ನಪತ್ರಾವಳಿ’ಯಲ್ಲಿ ಇಂದಿರಾಗೆ ಬರೆದ 252 ಕಾಗದಗಳೂ ಇವೆ, ಅಂದರೆ ಕವಿ ಕೈಬಿಟ್ಟಿದ್ದ 107 ಮೊದಲ ಸಲ ಓದುಗರಿಗೆ ಸಿಕ್ಕವು. ಇಂದಿರಾದೇವಿ ಚೌಧುರಾಣಿ ಅಷ್ಟು ಹೊತ್ತಿಗೆ ರವೀಂದ್ರಸಂಗೀತದ ಸ್ವರಲಿಪಿಗೆ ಮೊದಲ ಪ್ರಮಾಣವೆನಿಸಿ, ವಿಶ್ವಭಾರತಿಯ ಉಪಕುಲಪತಿ ಸ್ಥಾನವನ್ನೂ ಕೆಲಕಾಲ ನಿಭಾಯಿಸಿದ್ದರು. ಆಕೆ ತೀರಿಕೊಂಡದ್ದೂ ಅದೇ ವರ್ಷ, ಆಗಸ್ಟ್‌ನಲ್ಲಿ. ಕುಷ್ಟಿಯಾ ಜಿಲ್ಲೆಯ ಶಿಲಾಯಿದಹದ ಕೋಠಿಮನೆ ಈಗ ವಸ್ತುಸಂಗ್ರಹಾಲಯ. ಪದ್ಮೆ ಅಲ್ಲಿಂದ ದೂರ ಸರಿದಿದ್ದಾಳೆ. 1975ರಲ್ಲಿ ಗಂಗೆಗೆ ಫರಕ್ಕಾ ಬ್ಯಾರೇಜು ಬಿದ್ದ ಮೇಲೆ ಗೊರಾಯಿ ನದಿಯ ಬೇಸಿಗೆಯ ಹರಿವು ತೀರ ಸೊರಗಿದೆ. ಹಾಯಿಕಂಬ ಸೇತುವೆಗೆ ಸಿಕ್ಕುವಷ್ಟು ನೀರನ್ನು ಮಳೆಗಾಲದಲ್ಲಷ್ಟೇ ಹುಡುಕಬೇಕು.

ಓದಬೇಕೆಂದಿರುವವರಿಗೆ ಒಂದು ಮಾತು. 1921ರ ಇಂಗ್ಲಿಷ್ ಪುಸ್ತಕ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ, ರುಚಿ ನೋಡಲು ಅಷ್ಟು ಸಾಕು. ಹಿಡಿಸಿದರೆ ಅಲ್ಲಿಗೇ ನಿಲ್ಲಬೇಡಿ. ರೋಸಿಂಕಾ ಚೌಧುರಿ ಅವರು ಛಿನ್ನಪತ್ರಾವಳಿಯಿಂದ ಮಾಡಿದ ಇಂಗ್ಲಿಷ್ ಅನುವಾದ 2014ರಲ್ಲಿ ಪೆಂಗ್ವಿನ್‌ನಿಂದ ಬಂದಿದೆ. ಬಂಗಾಳಿ ಬರುವವರು ಮೂಲವನ್ನೇ ಹಿಡಿಯಿರಿ. ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಓದುವ ಪುಸ್ತಕವಲ್ಲ ಇದು, ದಿನಕ್ಕೊಂದು ಕಾಗದ ಸಾಕು, ಎಲ್ಲಿಂದ ತೆರೆದರೂ ನಡೆಯುತ್ತದೆ. 1894ರ ಸೆಪ್ಟೆಂಬರಿನ ದಿಘಾಪತಿಯಾದ ಕಾಗದವನ್ನು ಮಾತ್ರ ಬಿಡಬೇಡಿ.